ಅಮ್ಮನ ಪುದೀನ ಪಾತಿ

ಆ ಭಾನುವಾರ ಮಧ್ಯಾಹ್ನ ಗುಬ್ಬಿಯ ನಮ್ಮ ಬಾಡಿಗೆ ಮನೆಯ ತುಂಬ ಪುದೀನದ ವಾಸನೆ. ಮಲಗಿದ್ದ ಅಪ್ಪ ಎದ್ದು ಹಿತ್ತಲಿಗೆ ಬಂದು, "ಶರಬತ್ತು ಆಯ್ತಾ, ಇಲ್ಲ ಬರೀ ವಾಸನೇಲೇ ಹೊಟ್ಟೆ ತುಂಬಿಸ್ತೀಯಾ?" ಎಂದರು. "ಬೆಲ್ಲ ಕರಗ್ಬೇಡ್ವಾ? ನಿಮ್ ಬಸ್ಸೇನು ಹೊರಟೋಗ್ತಿಲ್ಲ, ಕೂತ್ಕೊಳ್ಳಿ," ಎಂದಳು ಅಮ್ಮ. ಬೆಲ್ಲದ ನೀರಿಗೆ ನಿಂಬೆಹಣ್ಣು ಹಿಂಡಿ, ಚಿಟಿಕೆ ಮೆಣಸಿನ ಪುಡಿ ಉದುರಿಸಿದ ಮೇಲೆ ಪುದೀನದ ಎಲೆಗಳನ್ನು ಅಂಗೈಯಲ್ಲಿಟ್ಟು, ಚಪ್ಪಾಳೆಯಂತೆ ಒಂದೇ ಸಲ ತಟ್ಟಿ ಹಾಕುವಳು. ಅರೆದರೆ ಕಹಿಯಾಗುತ್ತದೆ ಎನ್ನುವಳು. ಆ ಒದ್ದೆ ಕೈಗಳನ್ನು ಸೆರಗಿಗೆ ಒರೆಸದೆ ನನ್ನ ಎರಡೂ ಕೆನ್ನೆಗೆ ಒರೆಸುವಳು. "ಥೂ, ಬಿಡಮ್ಮ!" ಎಂದು ನಾನು ಓಡುತ್ತಿದ್ದೆ. ಅವತ್ತೂ ಓಡಿದೆ.

ಎಲೆ ಬಿಡಿಸಿದ ಕಡ್ಡಿಯನ್ನು ಎಸೆಯುವಂತಿರಲಿಲ್ಲ. ಪಕ್ಕದ ಮನೆಯವರು ಚಟ್ನಿಗೆಂದು ಹಿಡಿ ಸೊಪ್ಪು ಕಿತ್ತರೂ ಒಂದು ಕಡ್ಡಿಯನ್ನು ಪಾತಿಗೆ ಚುಚ್ಚಿಯೇ ಹೋಗಬೇಕು. "ತಗೊಂಡೋರೇ ನೆಡ್ಬೇಕು ಕಣೇ," ಎನ್ನುತ್ತಿದ್ದಳು. ಆ ಭಾನುವಾರದ ಮರುದಿನ ಬೆಳಿಗ್ಗೆ ಅಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಚೇಳೂರಿನಿಂದ ನೆಂಟರು ಬಂದರು, ಬಂದವರಿಗೆಲ್ಲ ಅಡುಗೆಯಾಗಬೇಕಿತ್ತು. ಇಕ್ಕಟ್ಟಾದ ಹಿತ್ತಲಲ್ಲಿ ಬೇರೆ ಜಾಗ ಕಾಣದೆ ಪುದೀನದ ಪಾತಿಯ ಮೇಲೇ ಇಟ್ಟಿಗೆ ಜೋಡಿಸಿ ಒಲೆ ಹೂಡಿದರು. ಹಸಿ ಸೊಪ್ಪು ಬೇಯುವ ವಾಸನೆ ಹೊಗೆಯ ಜೊತೆ ನಡುಮನೆಯವರೆಗೂ ಬಂತು. ಯಾರನ್ನು ಬೈಯುವುದು? ಅವರು ನಮಗೆ ಅನ್ನ ಮಾಡುತ್ತಿದ್ದರು.

ಆಮೇಲೆ ಅಪ್ಪ ನನ್ನನ್ನು ಕರೆದುಕೊಂಡು ತುಮಕೂರಿಗೆ ಬಂದರು. ಗುಬ್ಬಿಯ ಆ ಮನೆಯಿದ್ದ ಕಡೆ ಈಗ ಮೊಬೈಲ್ ಅಂಗಡಿಗಳಿವೆ. ನಿಮ್ಮ ಮನೆಯದೂ ಒಂದು ವಾಸನೆ ಇತ್ತಲ್ಲ, ಮನೆ ಹೋದ ಮೇಲೂ ಬಿಡದಂಥದ್ದು? ನನಗೆ ಅದು ಬೇಕೇ ಬೇಕಿತ್ತು. ಮಾರ್ಕೆಟ್ಟಿನಿಂದ ತಂದ ಪುದೀನ ನೆಟ್ಟೆ, ಕೊಳೆಯಿತು. ಮತ್ತೆ ನೆಟ್ಟೆ. ಚಿಗುರಿದರೂ ಎಲೆ ಅಗಲ, ಘಾಟಿಲ್ಲ. ಅಮ್ಮನ ಪಾತಿಯಿಂದ ಒಯ್ದವರು ಯಾರಾದರೂ ಉಳಿಸಿಕೊಂಡಿರಬೇಕು ಎಂದು ಹಟ ಹಿಡಿದು ಯೋಚಿಸಿದಾಗ ಅಮ್ಮನ ತಂಗಿ ನೆನಪಾದಳು. ಮದುವೆಯಾಗಿ ಕುಣಿಗಲ್ಲಿಗೆ ಹೋಗುವಾಗ ಚಿಕ್ಕಮ್ಮ ಒದ್ದೆ ಬಟ್ಟೆಯಲ್ಲಿ ನಾಲ್ಕಾರು ಕಡ್ಡಿ ಸುತ್ತಿಕೊಂಡು ಹೋಗಿದ್ದಳು.

ಕಳೆದ ತಿಂಗಳು ಅವಳಿಗೆ ಫೋನ್ ಮಾಡಿ ಕೇಳಿ, ಕುಣಿಗಲ್ಲಿನ ಬಸ್ಸು ಹತ್ತಿದೆ. "ಏನೇ, ಚಿಕ್ಕಮ್ಮ ಬೇಕಾಗಿ ಬಂದ್ಯಾ, ಸೊಪ್ಪು ಬೇಕಾಗಿ ಬಂದ್ಯಾ?" ಎಂದು ಚಿಕ್ಕಮ್ಮ ಬಾಗಿಲಲ್ಲೇ ಛೇಡಿಸಿದಳು. ನಲ್ಲಿಯ ಪಕ್ಕ ಹಬ್ಬಿತ್ತು ಪುದೀನ: ಅದೇ ಸಣ್ಣ ಎಲೆ, ಅದೇ ಕೆಂಪು ಕಡ್ಡಿ. ಕಿತ್ತುಕೊಂಡು ಎದ್ದೆ. "ಹಂಗೇ ಹೊರಟ್ಯಾ? ಚುಚ್ಚೇ ಒಂದ್ನ. ನಿಮ್ಮಮ್ಮ ಆಗಿದ್ರೆ ಬಿಡ್ತಿದ್ಲಾ?" ಎಂದಳು. ಇಬ್ಬರೂ ನಕ್ಕೆವು. ಮಣ್ಣಿನಲ್ಲಿ ಬೆರಳಿಂದ ತೂತು ಮಾಡಿ ಒಂದು ಕಡ್ಡಿ ನೆಟ್ಟೆ.

ಈಗ ನಮ್ಮ ಬಾಲ್ಕನಿಯ ಬಕೆಟ್ಟಿನಲ್ಲಿ ಅದು ಚಿಗುರಿದೆ. ಈ ಭಾನುವಾರ ಎಲೆ ತಟ್ಟಿ ಶರಬತ್ತು ಮಾಡಿದೆ. ಅಪ್ಪ ಒಂದು ಗುಟುಕು ಕುಡಿದು, ಲೋಟ ನೋಡುತ್ತ, "ಅವಳದೇ," ಎಂದರು. ನನ್ನ ಅಂಗೈ ಇನ್ನೂ ಒದ್ದೆಯಾಗಿತ್ತು. ರುಚಿ ಬಂದಿದೆ, ವಾಸನೆ ಬಂದಿದೆ. ಕೆನ್ನೆಗೆ ಕೈ ಒರೆಸಲು ಅಮ್ಮ ಇಲ್ಲ.