ಕುಣಿಗಲ್ ಕ್ಯೂಗೆ ನಾನು ಹಾಕಿದ ನಕ್ಷತ್ರ

ಎರಡು ವರ್ಷದ ಹಿಂದೆ ನಾನು ತುಮಕೂರಿನ ಒಂದು ಖಾಸಗಿ ಆಂಬುಲೆನ್ಸ್ ಸಂಸ್ಥೆಯ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದೆ. ಓದಿದ್ದು ಏಳನೇ ತರಗತಿ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ನನ್ನ ತಂಗಿ ಗಿರಿಜಾ; ನನಗೆ ಕೆಲಸ ಕೊಡಿಸಿದವಳೂ ಅವಳೇ.

ಕರೆ ಬಂದರೆ ವಿಳಾಸ ಟೈಪ್ ಮಾಡುತ್ತಿದ್ದೆ. ಅದು ಕ್ಲೌಡ್‌ನಲ್ಲಿರುವ ಸಂದೇಶಗಳ ಸಾಲಿಗೆ, ಅಂದರೆ ಕ್ಯೂಗೆ, ಹೋಗಿ ನಿಲ್ಲುತ್ತಿತ್ತು. ಗುಬ್ಬಿಗೊಂದು ಕ್ಯೂ, ಕುಣಿಗಲ್‌ಗೊಂದು. ಡ್ರೈವರ್‌ನ ಫೋನ್ ಸಂದೇಶವನ್ನು ಎತ್ತಿಕೊಂಡು ಕ್ಯೂನಿಂದ ಅಳಿಸುತ್ತದೆ. ಒಬ್ಬರು ಎತ್ತಿಕೊಂಡದ್ದು ಇನ್ನೊಬ್ಬರಿಗೆ ಸಿಗದು. ಅದಕ್ಕೇ ಪ್ರತಿ ಕ್ಯೂಗೂ ಪಾಲಿಸಿ ಎಂಬ ಬರಹ ಇರುತ್ತದೆ: ಯಾರು ಸಂದೇಶ ಹಾಕಬಹುದು, ಯಾರು ತೆಗೆಯಬಹುದು, ಯಾರು ಅಳಿಸಬಹುದು. ಅದರಲ್ಲಿ ಹೆಸರಿಲ್ಲದ ಫೋನಿಗೆ ಬಾಗಿಲು ತೆರೆಯದು.

ಒಂದು ಭಾನುವಾರ ಕುಣಿಗಲ್ ಡ್ರೈವರ್ ನಯಾಜ್ ಹೊಸ ಫೋನ್ ತಂದಿದ್ದ. "ಏನ್ ರುದ್ರಣ್ಣ, ನಿನ್ ತಂಗಿ ಕ್ಯೂ ನನ್ನ ಕೊರಿಯರ್‌ನೋನ್ ಥರ ಗೇಟಲ್ಲೇ ನಿಲ್ಸೈತೆ!" ಎಂದ.

ಗಿರಿಜಾ ರಜೆಯಲ್ಲಿದ್ದಳು. ಅವಳ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಒಳಗೆ ಹೋಗಿ, ಪಾಲಿಸಿಯಲ್ಲಿದ್ದ ಹಳೆಯ ಫೋನಿನ ಹೆಸರು ಅಳಿಸಿ, ಹೊಸದರ ಹೆಸರು ಹೇಗೆ ಬರೆಯಬೇಕೆಂದು ತಿಳಿಯದೆ ಅಲ್ಲಿ ನಕ್ಷತ್ರದ ಗುರುತು ಒತ್ತಿದೆ. ಅರ್ಜಿಗಳಲ್ಲಿ ನಕ್ಷತ್ರ ಇದ್ದರೆ 'ಕಡ್ಡಾಯ' ಎಂದರ್ಥ. ಇಲ್ಲೂ ಹಾಗೆಯೇ, ಸಂದೇಶ ಕಡ್ಡಾಯವಾಗಿ ತಲುಪುತ್ತದೆ ಎಂದುಕೊಂಡೆ. ಪಾಲಿಸಿಯಲ್ಲಿ ಅದರ ಅರ್ಥ 'ಯಾರು ಬೇಕಾದರೂ'. ಪರೀಕ್ಷೆಗೆ ಕಳಿಸಿದ ಸಂದೇಶ ನಯಾಜ್‌ಗೆ ಸಿಕ್ಕಿತು. ನಾನು ಬೀಗಿದೆ.

ಗುಬ್ಬಿಯ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿಟ್ಟಿದ್ದ ಹಳೆಯ ಟ್ರಯಲ್ ಫೋನೊಂದು ಮೊದಲಿನಿಂದಲೂ ಕುಣಿಗಲ್ ಕ್ಯೂವಿನ ಬಾಗಿಲು ತಟ್ಟುತ್ತಿತ್ತು. ಪಾಲಿಸಿ ಅದನ್ನು ತಡೆದಿತ್ತು. ಇದು ನನಗೆ ಗೊತ್ತಿರಲಿಲ್ಲ.

ಮರುದಿನ ಕೊತ್ತಗೆರೆಯಿಂದ ಕರೆ. ತಾಯಿಗೆ ಎದೆನೋವು ಎಂದು ಮಗಳು ಅಳುತ್ತಿದ್ದಳು. ಟೈಪ್ ಮಾಡಿದೆ. ಪರದೆಯ ಮೇಲೆ 'ಸ್ವೀಕರಿಸಲಾಗಿದೆ' ಎಂದು ಬಂತು.

"ಹೊರಟವ್ನೆ ಕಣಮ್ಮ, ಬಂದ್ಬುಡ್ತಾನೆ" ಎಂದೆ. ಅವಳು ಮತ್ತೆ ಕರೆದಾಗಲೂ ಅದನ್ನೇ ಹೇಳಿದೆ. ಆಮೇಲೆ ಅನುಮಾನ ಬಂದು ನಯಾಜ್‌ಗೆ ಫೋನ್ ಮಾಡಿದೆ.

"ನಂಗೆಲ್ ಬಂದೈತಣ್ಣ? ಇಲ್ಲೇ ಟೀ ಕುಡೀತಾ ಇದೀನಿ."

ಅವನು ತಲುಪುವ ಹೊತ್ತಿಗೆ ಆ ತಾಯಿ ತೀರಿಕೊಂಡಿದ್ದರು. ಸಂದೇಶವನ್ನು ಗುಬ್ಬಿಯ ಫೋನ್ ಎತ್ತಿಕೊಂಡು ಅಳಿಸಿತ್ತು. ಕಂಪ್ಯೂಟರ್‌ನ ದಾಖಲೆಯಲ್ಲಿ, ಪಾಲಿಸಿ ಬದಲಿಸಿದವರ ಜಾಗದಲ್ಲಿ ಗಿರಿಜಾಳ ಹೆಸರಿತ್ತು.

"ಅಣ್ಣ, ನೀನೇನಾದ್ರೂ ಮುಟ್ಟಿದ್ಯಾ?"

"ಏಳನೇ ಕ್ಲಾಸ್ ಓದಿರೋನ್ಗೆ ಅದೆಲ್ಲ ಏನ್ ಗೊತ್ತಾಯ್ತದೆ ಕಣೇ?"

ಅವಳು ನಂಬಿದಳು. ಪಾಸ್‌ವರ್ಡ್ ಕಾಪಾಡಿಕೊಳ್ಳದ್ದು ತನ್ನದೇ ತಪ್ಪು ಎಂದು ಮಾಲೀಕರಿಗೆ ಹೇಳಿದಳು. ಅವಳ ಕೆಲಸ ಹೋಯಿತು. ಕೊತ್ತಗೆರೆಗೆ ಹೋಗಿ ಆ ಮಗಳ ಬೈಗುಳವನ್ನೂ ಅವಳೇ ಕೇಳಿಸಿಕೊಂಡಳು. ಬೈಕಿನಲ್ಲಿ ಕರೆದುಕೊಂಡು ಹೋದವನು ನಾನು. ಬೀದಿಯಲ್ಲೇ ನಿಂತಿದ್ದೆ.

ಈ ವರ್ಷ ಗಿರಿಜಾಗೆ, ಮಾಲೀಕರಿಗೆ, ಕೊತ್ತಗೆರೆಯ ಆ ಮಗಳಿಗೆ, ಮೂವರಿಗೂ ನಿಜ ಹೇಳಿದೆ. ಗಿರಿಜಾ ಕೇಳಿದ್ದು ಒಂದೇ: "ಅವತ್ತು ಗೊತ್ತಿಲ್ಲ ಅಂದ್ಯಲ್ಲ, ಯಾಕಣ್ಣ?" ಆಮೇಲೆ ಮಾತು ಬಿಟ್ಟಳು.

ಪಾಲಿಸಿಯಲ್ಲಿ ಫೋನಿನ ಹೆಸರು ಬರೆಯಲು ಬಾರದಿದ್ದರೆ ಬಾಗಿಲು ಮುಚ್ಚಿಯೇ ಇರಲಿ, ಬಲ್ಲವರನ್ನು ಕೇಳಬೇಕು ಎಂದು ಆ ಕೆಲಸ ಕಲಿಸಿತು. ಇನ್ನೊಂದನ್ನೂ ಕಲಿಸಿತು. ಕಂಪ್ಯೂಟರ್ ಯಾರ ಪಾಸ್‌ವರ್ಡ್ ಎಂದಷ್ಟೇ ಬರೆದಿಡುತ್ತದೆ. ಒತ್ತಿದ ಬೆರಳು ಯಾರದೆಂದು ಆ ಬೆರಳಿನವನೇ ಹೇಳಬೇಕು, ಅದೂ ಅಂದೇ.