ಎಡಗಡೆ ಇಲ್ಲದ ಸವಳಂಗ ರಸ್ತೆ

ಭದ್ರಾವತಿಯ ನಜೀರ್ ಸಾಬರು ಲಗೇಜ್ ಆಟೊ ಓಡಿಸುತ್ತಿದ್ದವರು. ಪಾರ್ಶ್ವವಾಯು ಬಡಿದ ಮೇಲೆ, ನಾನು ನಡೆಸುತ್ತಿದ್ದ ಸಂಶೋಧನೆಗೆಂದು ಶಿವಮೊಗ್ಗದ ನಮ್ಮ ಆಸ್ಪತ್ರೆಗೆ ಬಂದಿದ್ದರು. ಸ್ಕ್ಯಾನ್‌ನಲ್ಲಿ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದ್ದು ಕಾಣುತ್ತಿತ್ತು. ಅಂಥ ಕೆಲವರಿಗೆ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಲೋಕ ಗಮನಕ್ಕೇ ಬರುವುದಿಲ್ಲ. ಮತ್ತೆ ಆಟೊ ಓಡಿಸಬಹುದೇ ಎನ್ನುವುದೊಂದೇ ಅವರ ಚಿಂತೆ.

"ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಆಟೊ ಓಡಿಸಿಕೊಂಡು ಸವಳಂಗ ರಸ್ತೆಯಲ್ಲಿ ಊರಾಚೆ ಹೋಗಿ. ಕಂಡದ್ದನ್ನೆಲ್ಲ ಹೇಳಿ," ಎಂದೆ.

ಅವರು ಹೊರಟರು. ಬೇಕರಿ, ಟೈರ್ ಅಂಗಡಿ, ಬಿಸಿಲಲ್ಲಿ ಮಲಗಿದ ಹಸು. ಆ ಮೆಲುದನಿಗೆ ನಮ್ಮ ಕೋಣೆಯೇ ನಿಧಾನವಾಗಿ ತೇಲುತ್ತಾ ಸಾಗಿದಂತಿತ್ತು. ಹೇಳಿದ್ದೆಲ್ಲ ಬಲಗಡೆಯದೇ.

"ನನ್ನ ತವರು ದಾಟಿಹೋಯ್ತಲ್ರೀ!" ಎಂದರು, ಅವರ ಎಡಕ್ಕೆ ಕುಳಿತಿದ್ದ ಹೆಂಡತಿ ಮೆಹರುನ್ನೀಸಾ. ಪರೀಕ್ಷೆಯ ನಡುವೆ ಮಾತಾಡಬಾರದೆಂದು ಗದರಿದೆ.

"ಈಗ ವಾಪಸ್ ಬನ್ನಿ."

ಗಾಡಿ ತಿರುಗಿತು. ಎಡಕ್ಕಿದ್ದದ್ದು ಬಲಕ್ಕೆ ಬಂತು. ಸಾಬರ ಮುಖ ಅರಳಿತು. "ಅಲ್ನೋಡಿ, ಹಸಿರು ಬಾಗಿಲು. ಅತ್ತೆ ನಿಂತಿದ್ದಾರೆ, ಚಾ ಕುಡಿದು ಹೋಗಿ ಅಂತಿದ್ದಾರೆ."

ಆಮೇಲೆ ಕಣ್ಣು ತೆರೆದು ಕೇಳಿದರು: "ಮೇಡಂ, ಗಾಡಿ ಓಡಿಸಬಹುದಾ?"

"ಸದ್ಯಕ್ಕೆ ಆಗೋದಿಲ್ಲ. ಅರ್ಧ ರಸ್ತೆ ನಿಮ್ಮ ಗಮನಕ್ಕೇ ಬರ್ತಿಲ್ಲ."

ಅವರು ತಲೆ ತಗ್ಗಿಸಿದರು. ಮೆಹರುನ್ನೀಸಾ ಸುಮ್ಮನಿರಲಿಲ್ಲ. "ನನ್ನ ತವರು ಕಾಣದ ರೋಗ ಇವರಿಗೆ ಮದುವೆಯಾದಾಗಿಂದ ಇದೆ ಮೇಡಂ. ಆಗೆಲ್ಲ ಓಡಿಸ್ಲಿಲ್ವಾ?"

"ಸುಮ್ನಿರೇ ಮಾರಾಯ್ತಿ!" ಎನ್ನುತ್ತಾ ಸಾಬರು ಕುತ್ತಿಗೆ ತಿರುಗಿಸಿ, ಎಡಕ್ಕೆ ಹೊರಳಿ, ಅವಳನ್ನು ನೆಟ್ಟಗೆ ನೋಡಿದರು.

ಬೆಳಗಿನಿಂದ ನಾನು, ಓದಿದ ಕಾನ್ವೆಂಟ್ ಶಾಲೆಯ ಶಿಸ್ತಿನಿಂದ, "ಎಡಕ್ಕೆ ನೋಡಿ" ಎಂದು ಹೇಳುತ್ತಲೇ ಇದ್ದೆ; ಅವರು ಒಮ್ಮೆಯೂ ತಿರುಗಿರಲಿಲ್ಲ. ಹೇಗೆ ಹೇಳಬೇಕೆಂಬುದನ್ನು ಅಲ್ಲಿ ಕಲಿಸಿರಲಿಲ್ಲ.