ಬಾಗಿಲಲ್ಲೇ ನಿಂತು ಬರೆದ ಗರಡಿ ಮನೆ

ಮೊನ್ನೆ ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಮಗಳು ಶಾಲೆಯ ಇತಿಹಾಸ ಸ್ಪರ್ಧೆಗೆಂದು ಚಾರ್ಟು ಹರಡಿಕೊಂಡು ಗಮ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಿಸ್ಟರಿ ಮಿಸ್ ನೆನಪಾದರು...

ವಿದ್ಯಾರಣ್ಯಪುರಂನಲ್ಲಿ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇಂಥದೇ ಸ್ಪರ್ಧೆ ಬಂದಿತ್ತು. ಇತಿಹಾಸ ಎಂದರೆ ಮೈಸೂರಿನ ಮಕ್ಕಳು ಕಣ್ಣು ಮುಚ್ಚಿಕೊಂಡು ಥರ್ಮೋಕೋಲ್ ಅರಮನೆ ಕಟ್ಟುತ್ತಾರೆ, ನಾವೂ ಅದಕ್ಕೇ ಹೊರಟಿದ್ದೆವು. "ಅರಮನೆ ಎಲ್ಲೂ ಓಡೋಗಲ್ಲ ಕಣ್ರೇ, ನಿಮ್ ಬೀದಿ ಗರಡಿ ಮನೆ ನೋಡ್ಕೊಂಡ್ ಬನ್ನಿ" ಎಂದು ಮಿಸ್ ಅಟ್ಟಿದರು. ನಾವು ಮೂವರು ಹುಡುಗಿಯರು. ಗರಡಿಯ ಮಣ್ಣನ್ನು ಹೆಣ್ಣುಮಕ್ಕಳು ತುಳಿಯುವಂತಿಲ್ಲ ಎಂದು ಕುಸ್ತಿ ಕಲಿಸುವ ವಸ್ತಾದರು ಬಾಗಿಲಲ್ಲೇ ನಿಲ್ಲಿಸಿಬಿಟ್ಟರು. ಪಾಪ, ಒಳ್ಳೆಯವರೇ, ಜಗಲಿಯ ಮೇಲೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು.

ಕಪ್ ನಮಗೇ ಎಂದು ನಾನು ಕನಸು ಕಾಣುತ್ತಿದ್ದೆ. ನಮ್ಮ ಶಾಲೆಗೆ ಅಲ್ಲಿಯವರೆಗೆ ಒಂದೂ ಬಂದಿರಲಿಲ್ಲ. ಆದರೆ ಮಿಸ್ ಚಾರ್ಟಿನ ನೆತ್ತಿಯಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿದರು: ‘ನಮ್ಮನ್ನು ಒಳಗೆ ಬಿಡಲಿಲ್ಲ. ಬಾಗಿಲಿನಿಂದ ಕಂಡದ್ದು, ಕೇಳಿದ್ದು ಇಷ್ಟು.’ ನನಗೋ ಮೈಯೆಲ್ಲ ಉರಿದುಹೋಯಿತು.

ಜಡ್ಜು ಅದನ್ನು ಓದಿ ನಕ್ಕರು. "ಒಳಗೇ ಹೋಗ್ದೆ ಪ್ರಾಜೆಕ್ಟಾ?" ಬಣ್ಣದ ಬಲ್ಬು ಮಿನುಗುತ್ತಿದ್ದ ಬೇರೆ ಶಾಲೆಯ ಥರ್ಮೋಕೋಲ್ ಅರಮನೆಗೆ ಕಪ್ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಗೊಳೋ ಎಂದು ಅತ್ತೆ. "ಬುಡು ಕಣೆ, ಅದನ್ನ ಇಡೋಕೆ ನಮ್ ಸ್ಕೂಲಲ್ಲಿ ಜಾಗ ಎಲ್ಲಿದೆ?" ಎಂದು ಮಿಸ್ ಬೆನ್ನು ಸವರಿದರು.

ಮಾರನೆಯ ದಿನ ಸ್ಟಾಫ್ ರೂಮಿಗೆ ಹೋದರೆ, ಅವರ ಬೀರುವಿನ ಮೇಲಿದ್ದ ಮ್ಯಾಪು, ಗ್ಲೋಬು ಎಲ್ಲ ಕೆಳಗಿಳಿದಿದ್ದವು. ಮೇಲೆ ಒಗೆದ ಬಿಳಿ ಬಟ್ಟೆ ಹಾಸಿತ್ತು. ಅವರಿಗೂ ಆ ಕಪ್ ಅಷ್ಟು ಬೇಕಿತ್ತು... ಆ ಸಾಲು ಬರೆಸದೆ ಇದ್ದಿದ್ದರೆ ಸಿಗುತ್ತಿತ್ತೇನೋ. ಆದರೂ ಬರೆಸಿದ್ದರು. ಅವತ್ತಿನಿಂದ ಅವರೆಂದರೆ ನನಗೆ ಪ್ರಾಣ.

ಮಗಳ ಚಾರ್ಟಿನ ಮೇಲೆ ಕಣ್ಣಾಡಿಸಿದೆ. ‘ನಾವು ಕಂಡ ಶ್ರೀರಂಗಪಟ್ಟಣ’ ಅಂತೆ! ಇವಳು ಕಂಡದ್ದೆಲ್ಲ ಮೊಬೈಲಿನಲ್ಲಿ. ಮಿಸ್ ಹತ್ತಿರ ಇವಳಿಗೆ ಎರಡು ಮಾತು ಹೇಳಿಸೋಣವೆಂದು ಹಳೆಯ ಗೆಳತಿಗೆ ಫೋನ್ ಮಾಡಿ ಅವರ ನಂಬರು ಕೇಳಿದೆ.

"ಅವ್ರು ಹೋಗಿ ವರ್ಷ ಆಯ್ತಲ್ಲೇ... ನಿಂಗೊತ್ತಿಲ್ವಾ?" ಎಂದಳು.

ಫೋನ್ ಇಟ್ಟು ಚಾರ್ಟಿನ ಪಕ್ಕ ಬಂದು ಕೂತೆ. ಆಮೇಲೆ ಮಗಳಿಗೆ, "ಹೋಗ್ದೇ ಇರೋ ಕಡೆ ಹೋಗಿದೀವಿ ಅಂತ ಬರೀಬಾರ್ದು ಪುಟ್ಟಿ" ಎಂದೆ.

"ಹೋಗಿಲ್ಲ ಅಂತ ಬರೆದ್ರೆ ಪ್ರೈಜ್ ಬರಲ್ಲಮ್ಮ" ಎಂದಳು.

ಅದಕ್ಕೇನು ಹೇಳಬೇಕೆಂದು ಮಿಸ್‌ಗೆ ಗೊತ್ತಿತ್ತು. ಕೇಳೋಣವೆಂದರೆ ಅವರಿಲ್ಲ.